ದತ್ತಿ ಹಣ ಮೇ ತಿಂಗಳಲ್ಲೇ ಯಾಕೆ?

ಅಪ್ಪಯ್ಯ, ಅಮ್ಮನ ಹೆಸರಲ್ಲಿ ನಾವು ಮಕ್ಕಳು ಒಂದು ದತ್ತಿನಿಧಿ ಇಟ್ಟಿದ್ದೇವೆ. ತೀರ್ಥಹಳ್ಳಿ ಸುತ್ತಿನ ಹಳ್ಳಿಗಳಿಂದ ಪಿಯುಸಿಗೆ ಸೇರುವ ಮಕ್ಕಳಿಗೆ. ಸಿಕ್ಕವರೆಲ್ಲ ಕೇಳುತ್ತಾರೆ: "ವಾರ್ಷಿಕೋತ್ಸವದಲ್ಲಿ, ಜಾಸ್ತಿ ಅಂಕ ತೆಗೆದವರಿಗೆ ಕೊಡಬಹುದಲ್ಲ? ಮೇ ತಿಂಗಳಲ್ಲಿ ಮನೆಗೇ ಹೋಗಿ ಕೊಟ್ಟು ಬರ್ತೀರಲ್ಲ, ಯಾಕೆ?"

ದುಡ್ಡು ಬೇಕಾಗುವುದು ಆಗಲೇ, ಅಲ್ವಾ? ಅಡಿಕೆ ಸುಗ್ಗಿಯ ಕೂಲಿ ಅಷ್ಟು ಹೊತ್ತಿಗೆ ಕರಗಿರುತ್ತದೆ. ಮಳೆಗಾಲಕ್ಕೆ ಅಕ್ಕಿ, ಮೆಣಸು, ಸೌದೆ ಕೂಡಿಡಬೇಕು. ಹಂಚು ಸರಿಮಾಡಿಸಬೇಕು. ಅದೇ ವಾರ ಕಾಲೇಜಿನ ಫೀಸು. ಸರ್ಕಾರದ ವಿದ್ಯಾರ್ಥಿವೇತನ ಇದೆ, ದೊಡ್ಡ ಆಸರೆಯೇ. ಆದರೆ ಅದಕ್ಕೆ ಅರ್ಜಿ ಹಾಕಲು ಮೊದಲು ಕಾಲೇಜಿಗೆ ಸೇರಿರಬೇಕು. ಶಕ್ತಿ ಯೋಜನೆಯಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ. ನಮ್ಮ ಒಳ ಊರುಗಳಿಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ದಿನಾ ಟಿಕೆಟ್ ತಗೊಳ್ಳಲೇಬೇಕು.

ಅಪ್ಪಯ್ಯ ಪ್ರೈಮರಿ ಶಾಲೆ ಮೇಷ್ಟ್ರು. ಹಳ್ಳ ತುಂಬಿ ಸಂಕ ಮುಳುಗಿದರೆ ಆಚೆ ದಡದ ಮಕ್ಕಳು ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು. ಒಂದು ದಿನ ಅಂತ ಬಂದವರು ಒಂದು ವಾರ ಇದ್ದದ್ದೂ ಉಂಟು. ಎಷ್ಟು ಜನ ಬಂದರೂ ಅಮ್ಮ ಗಂಜಿಗೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಿದ್ದಳು. ರಾತ್ರಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಎಲ್ಲರ ಯೂನಿಫಾರಂ ಒಣಗಿಸುತ್ತಿದ್ದಳು. ಬೆಳಿಗ್ಗೆ ನಮ್ಮ ಅಂಗಿಗೂ ಅವರ ಅಂಗಿಗೂ ಒಂದೇ ಹೊಗೆ ವಾಸನೆ. ಆ ವಾಸನೆ ಈಗಲೂ ನನಗೆ ಅಮ್ಮನ ವಾಸನೆ.

ಅಪ್ಪಯ್ಯ ಯಾರ ಫೀಸನ್ನೂ ತಾವೇ ಹೋಗಿ ಕಟ್ಟುತ್ತಿರಲಿಲ್ಲ. ಹುಡುಗನ ಅಪ್ಪನನ್ನು ಕರೆದು, ಅವರ ಕೈಗೆ ದುಡ್ಡಿಟ್ಟು, "ನೀನೇ ಕಟ್ಟು ಮಾರಾಯ" ಎನ್ನುತ್ತಿದ್ದರು. ಮಗನ ಕಣ್ಣಲ್ಲಿ ಅಪ್ಪ ಸಣ್ಣವನಾಗಬಾರದು ಅಂತ. ಹಾಗಿರುವಾಗ ನಾವು ಅವರ ಹೆಸರಲ್ಲಿ ಮಗುವನ್ನು ವೇದಿಕೆ ಹತ್ತಿಸಿ ಫೋಟೊ ತೆಗೆಸುವುದು ಹೇಗೆ? ಅಂಕವನ್ನೂ ಕೇಳುವುದಿಲ್ಲ. ಪಾಸಾಗಿ, ಓದಬೇಕು ಎಂದರೆ ಸಾಕು. ಜಾಸ್ತಿ ಅಂಕದವರನ್ನು ಗುರುತಿಸಲು ಬೇರೆ ಎಷ್ಟೋ ಬಹುಮಾನಗಳಿವೆ.

ಅಸಲು ಬ್ಯಾಂಕಿನಲ್ಲಿ ಠೇವಣಿ. ಅದನ್ನು ಮುಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಕೈಗೆ ಬರುವ ಬಡ್ಡಿ ಮೂವರಿಗೆ ಆಗುತ್ತದೆ. ಈ ಸಲ ನಾಲ್ವರು ಕೇಳಿದ್ದಾರೆ. ಕಡಿಮೆ ಬಿದ್ದದ್ದನ್ನು ಅಣ್ಣ, ನಾನು ಹಂಚಿಕೊಂಡು ಹಾಕುತ್ತೇವೆ. ಹಣದ ಜೊತೆ ಒಂದು ಕೊಡೆಯನ್ನೂ ಕೊಡುತ್ತೇವೆ. ಅದು ಅಮ್ಮನ ಲೆಕ್ಕ. ಅಣ್ಣ ಆಗಲೇ ನಾಲ್ಕು ಕೊಡೆ ತಂದಿಟ್ಟಿದ್ದಾನೆ.