ಬಿಸುವಿನಿಂದ ಪತ್ತನಾಜೆಯವರೆಗೆ: ಗೆಲ್ಲು ಬೇರು ಬಿಡುವ ನಲವತ್ತು ದಿನ

ಗೆಲ್ಲು, ಅಂದರೆ ಗಿಡದ ಕೊಂಬೆ, ಕಡಿದು ನೆಡುವ ಕೆಲಸವನ್ನು ಜೂನ್ ಮಳೆಗೆಂದು ಮುಂದೂಡುವುದು ನಮ್ಮ ಕರಾವಳಿಯ ವಾಡಿಕೆ. ‘ಮಳೆ ಹಿಡಿಯಲಿ, ಸುಮ್ಮನೆ ಊರಿಬಿಟ್ಟರೂ ಚಿಗುರುತ್ತದೆ’ ಎನ್ನುವವರೇ ಹೆಚ್ಚು. ಬೇಲಿಗೆ ಊರುವ ಗ್ಲಿರಿಸಿಡಿಯಾ ಗೂಟಕ್ಕೆ ಈ ಮಾತು ಸರಿ. ದಾಸವಾಳ, ಮಲ್ಲಿಗೆ, ಗುಲಾಬಿಗೆ ಸರಿಯಲ್ಲ. ಮಂಗಳೂರು, ಉಡುಪಿಯಲ್ಲಿ ಜುಲೈ ಒಂದರಲ್ಲೇ ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಬೇರಿಲ್ಲದ ತುಂಡಿಗೆ ಅಷ್ಟು ನೀರು ಕುಡಿಯುವ ಬಾಯಿಯೇ ಇರುವುದಿಲ್ಲ. ಕಡಿದ ಗಾಯದ ಸುತ್ತ ನೀರು ನಿಂತು ಬುಡ ಕಪ್ಪಾಗುತ್ತದೆ, ವಾರದಲ್ಲಿ ಕೊಳೆತು ಹೋಗುತ್ತದೆ.

ಏಪ್ರಿಲ್ 14 ಅಥವಾ 15ಕ್ಕೆ ಬಿಸು, ತುಳುವರ ಹೊಸ ವರ್ಷ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ, ಜಾತ್ರೆ ಕೋಲಗಳ ಕಾಲ ಮುಗಿಯುವ ಪತ್ತನಾಜೆ. ನಡುವೆ ನಲವತ್ತು ದಿನ. ದಾಸವಾಳದ ತುಂಡು ಬೇರು ಬಿಟ್ಟು ಗಟ್ಟಿಯಾಗಲು ಹೆಚ್ಚುಕಡಿಮೆ ಅಷ್ಟೇ ದಿನ ಸಾಕು. ಬಿಸುವಿಗೆ ಹಾಕಿದ ತುಂಡು ಮೊದಲ ಮಳೆಯ ಹೊತ್ತಿಗೆ ಗಿಡವಾಗಿರುತ್ತದೆ. ಬೇರು ಹುಟ್ಟಲು ಬುಡ 25ರಿಂದ 28 ಡಿಗ್ರಿ ಬೆಚ್ಚಗಿದ್ದರೆ ಒಳ್ಳೆಯದು. ಚಳಿ ದೇಶದವರು ಇದಕ್ಕೆಂದೇ ಚಟ್ಟಿಯಡಿ (ಕುಂಡದಡಿ) ಕರೆಂಟಿನ ಹಾಸು ಇಡುತ್ತಾರೆ, ನಮಗೆ ನೆರಳಿನಲ್ಲಿ ಅದು ಬಿಟ್ಟಿ. ಈ ಸೆಕೆಯಿಂದ ಆಗುವ ಉಪಕಾರ ಬಹುಶಃ ಇದೊಂದೇ.

ದಾಸವಾಳದಿಂದಲೇ ಶುರು ಮಾಡುವುದು ಲೇಸು. ಅದರಲ್ಲಿ ಕೈ ಪಳಗಿದರೆ ಕೇಪಳ, ನಂದಬಟ್ಟಲು, ಕ್ರೋಟನ್ ಎಲ್ಲಕ್ಕೂ ಅದೇ ಲೆಕ್ಕ. ತಾಯಿಗಿಡಕ್ಕೆ ಹಿಂದಿನ ಸಂಜೆ ಚೆನ್ನಾಗಿ ನೀರು ಕೊಡಿ. ಬೆಳಿಗ್ಗೆ ಎಂಟರ ಒಳಗೆ, ಬಿಸಿಲು ಏರುವ ಮೊದಲು ಕಡಿಯಿರಿ. ಯಾವ ಗೆಲ್ಲು ಎನ್ನುವುದನ್ನು ಬಗ್ಗಿಸಿ ನೋಡಿದರೆ ತಿಳಿಯುತ್ತದೆ. ತುದಿಯ ಹಸಿರು ಭಾಗ ಹಗ್ಗದ ಹಾಗೆ ಬಾಗುತ್ತದೆ, ಅದು ತೀರಾ ಎಳೆಯದು, ಬಾಡಿಬಿಡುತ್ತದೆ. ಬುಡದ ಬೂದು ತೊಗಟೆಯ ಭಾಗ ಬಾಗುವುದೇ ಇಲ್ಲ, ಅದು ಬೇರು ಬಿಡಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಇವೆರಡರ ನಡುವೆ, ಸ್ವಲ್ಪ ಬಾಗಿ ಲಟಕ್ಕನೆ ಮುರಿಯುವ, ಪೆನ್ಸಿಲ್ ದಪ್ಪದ ಭಾಗ ನಮಗೆ ಬೇಕಾದದ್ದು. ಹೂ, ಮೊಗ್ಗು ತುಂಬಿದ ಗೆಲ್ಲು ಬಿಟ್ಟು, ಹೂವಿಲ್ಲದ್ದನ್ನೇ ಆರಿಸಿಕೊಳ್ಳಿ.

ತುಂಡು 15 ಸೆಂ.ಮೀ. ಉದ್ದ, ನಾಲ್ಕು ಗಂಟು ಇರಲಿ. ಕೆಳಗಿನ ಕಡಿತ ಗಂಟಿನ ಕೆಳಗೆ ಅರ್ಧ ಸೆಂ.ಮೀ. ಒಳಗೆ, ಓರೆಯಾಗಿ. ಮೇಲಿನದು ಗಂಟಿನಿಂದ ಒಂದು ಸೆಂ.ಮೀ. ಮೇಲೆ, ನೇರವಾಗಿ. ಓರೆ ಕಡಿತದಿಂದ ಇನ್ನೊಂದು ಲಾಭವಿದೆ, ಯಾವುದು ಬುಡ ಯಾವುದು ತಲೆ ಎನ್ನುವುದು ಮರೆಯುವುದಿಲ್ಲ. ಎಲೆ ತೆಗೆದ ಮೇಲೆ ಇಪ್ಪತ್ತು ಕಡ್ಡಿ ಒಟ್ಟಿಗೆ ಬಿದ್ದಿದ್ದರೆ ಪಳಗಿದವರೂ ತಲೆಕೆಳಗಾಗಿ ಊರುತ್ತಾರೆ, ಹಾಗೆ ಊರಿದ್ದು ಗಿಡವಾಗುವುದಿಲ್ಲ. ಬ್ಲೇಡು ಹೊಸದಿರಲಿ, ಸ್ಪಿರಿಟ್ ಅಥವಾ ಸ್ಯಾನಿಟೈಸರ್‌ನಲ್ಲಿ ಒರೆಸಿರಲಿ. ಮೊಂಡು ಕತ್ತರಿ ಕತ್ತರಿಸುವ ಬದಲು ಜಜ್ಜುತ್ತದೆ, ಕೊಳೆತ ಶುರುವಾಗುವುದು ಆ ಜಜ್ಜಿದ ಜಾಗದಿಂದಲೇ. ಕೆಳಗಿನ ಎರಡು ಗಂಟಿನ ಎಲೆ ಪೂರ್ತಿ ತೆಗೆಯಿರಿ. ಮೇಲೆ ಎರಡೇ ಎಲೆ ಉಳಿಸಿ, ಅವನ್ನೂ ಅಡ್ಡಕ್ಕೆ ಅರ್ಧ ಕತ್ತರಿಸಿ. ಎಲೆಯೇ ಇಲ್ಲದಿದ್ದರೆ ಬೇರಿಗೆ ಬೇಕಾದ ಸಕ್ಕರೆ ತಯಾರಾಗುವುದಿಲ್ಲ. ಎಲೆ ಜಾಸ್ತಿಯಾದರೆ ಬೇರು ಬರುವ ಮೊದಲೇ ಕಡ್ಡಿಯ ನೀರೆಲ್ಲ ಆವಿಯಾಗುತ್ತದೆ.

ಬೇರು ಬರಿಸುವ ಪುಡಿ ನರ್ಸರಿಗಳಲ್ಲಿ, ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿರುವುದು ಐಬಿಎ ಎಂಬ ಹಾರ್ಮೋನು. ದಾಸವಾಳಕ್ಕೆ ಅದು ಇಲ್ಲದಿದ್ದರೂ ನಡೆಯುತ್ತದೆ. ಬೋಗನ್‌ವಿಲ್ಲಾ, ಗುಲಾಬಿಗೆ ಇದ್ದರೆ ಫಲ ಎದ್ದು ಕಾಣುತ್ತದೆ. ಬಳಸುವಾಗ ಚೂರು ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಿ. ಒದ್ದೆ ಕಡ್ಡಿಯನ್ನು ಡಬ್ಬಿಯೊಳಗೇ ಅದ್ದಿದರೆ ಉಳಿದ ಪುಡಿಯೂ ಕೆಡುತ್ತದೆ. ಬುಡದ ಒಂದು ಸೆಂ.ಮೀ.ಗೆ ತಾಗಿಸಿ, ಬೆರಳಿನಿಂದ ತಟ್ಟಿ ಹೆಚ್ಚಿನದನ್ನು ಉದುರಿಸಿ. ದಪ್ಪ ಮೆತ್ತಿದರೆ ಬುಡವೇ ಸುಟ್ಟು ಹೋಗುತ್ತದೆ. ನಮ್ಮ ತೇವದ ಗಾಳಿಗೆ ಪುಡಿ ಬೇಗ ಗಟ್ಟಿಗಟ್ಟುವುದರಿಂದ ಡಬ್ಬಿ ಫ್ರಿಜ್ಜಿನಲ್ಲಿರಲಿ. ಜೇನು, ದಾಲ್ಚಿನ್ನಿ ಪುಡಿ, ಲೋಳೆಸರದ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ದಾಲ್ಚಿನ್ನಿ ಬೂಷ್ಟನ್ನು ಸ್ವಲ್ಪ ತಡೆದೀತು, ಬೇರು ಬರಿಸುವ ಕೆಲಸ ಅದರದ್ದಲ್ಲ. ಜೇನು ಹಚ್ಚಿದರೆ ಮೊದಲು ಬರುವುದು ಇರುವೆ.

ಮಿಶ್ರಣದಲ್ಲಿ ಹಟ್ಟಿಗೊಬ್ಬರ ಬೇಡವೇ ಬೇಡ. ಎಲ್ಲರೂ ಎಡವುವುದು ಇಲ್ಲೇ. ಬೇರಿಲ್ಲದ ಕಡ್ಡಿ ಗೊಬ್ಬರ ತಿನ್ನುವುದಿಲ್ಲ, ಆ ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳು ಕಡ್ಡಿಯನ್ನು ತಿನ್ನುತ್ತವೆ. ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಹೊಯ್ಗೆ (ಮರಳು), ಅಷ್ಟೇ ಸಾಕು. ಹೊಯ್ಗೆ ಹೊಳೆಯದ್ದಾಗಿರಲಿ. ಮಲ್ಪೆ, ಪಣಂಬೂರು, ಉಳ್ಳಾಲ ಎಂದು ಕಡಲ ತೀರಕ್ಕೆ ಹೋದಾಗ ಚೀಲದಲ್ಲಿ ತುಂಬಿಕೊಂಡು ಬರಬೇಡಿ, ಆ ಉಪ್ಪು ಎರಡು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಎಂ-ಸ್ಯಾಂಡ್ ಮಾತ್ರ ಸಿಕ್ಕಿದರೆ ಬಕೆಟಿಗೆ ಹಾಕಿ, ಕಲಕಿ, ಬೂದಿಯಂಥ ಧೂಳು ಹೋಗುವವರೆಗೆ ನಾಲ್ಕು ಸಲ ತೊಳೆಯಿರಿ. ಆ ಧೂಳೇ ಕೆಳಗಿಳಿದು ಸಿಮೆಂಟಿನಂತೆ ಕೂರುವುದು. ಕೊಕೊಪೀಟಿನಲ್ಲೂ ಉಪ್ಪಿರುತ್ತದೆ. 650 ಗ್ರಾಂನ ಇಟ್ಟಿಗೆ ನೀರು ಕುಡಿದರೆ ಎಂಟೊಂಬತ್ತು ಲೀಟರಿನಷ್ಟು ಉಬ್ಬುತ್ತದೆ. ಅದನ್ನು ಎರಡು ಸಲ ನೆನೆಸಿ ಹಿಂಡಿ, ಬಣ್ಣದ ನೀರು ಚೆಲ್ಲಿ. ಕೊನೆಗೆ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಬಂದರೆ ಹದ ಸರಿಯಿದೆ. ಧಾರೆಯಾಗಿ ಇಳಿದರೆ ಇನ್ನೂ ಹಿಂಡಬೇಕು.

ನರ್ಸರಿ ಚೀಲ 4 ಇಂಚು ಅಗಲ, 6 ಇಂಚು ಉದ್ದದ್ದು ಸಾಕು. ಖಾಲಿ ಹಾಲಿನ ಪ್ಯಾಕೆಟ್ಟೂ ಆಗುತ್ತದೆ, ಕಾಯಿಸಿದ ಮೊಳೆಯಿಂದ ಕೆಳಭಾಗದಲ್ಲಿ ಎಂಟು ತೂತು ಹಾಕಿ. ಮಿಶ್ರಣ ತುಂಬಿ, ಮೊದಲು ಬೇರೊಂದು ಕಡ್ಡಿಯಿಂದ ಗುಣಿ ಮಾಡಿ, ಆಮೇಲೆ ತುಂಡನ್ನು ಇಳಿಸಿ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ಎರಡು ಗಂಟು ಒಳಗಿರಲಿ. ಸುತ್ತ ಬೆರಳಿನಿಂದ ಒತ್ತಿ. ಬುಡದಲ್ಲಿ ಗಾಳಿ ಉಳಿದರೆ ಅಲ್ಲಿ ಬೇರು ಬರುವುದಿಲ್ಲ.

ಇಡುವ ಜಾಗ ಪೂರ್ವದ ಜಗಲಿ ಅಥವಾ ಮಾವಿನ ಮರದಡಿ. ಒಂಬತ್ತು ಗಂಟೆಯವರೆಗಿನ ಎಳೆ ಬಿಸಿಲು ಬಿದ್ದರೆ ತೊಂದರೆಯಿಲ್ಲ, ಆಮೇಲಿನದು ಬೀಳಬಾರದು. ಶೀಟಿನ ಮಾಡಿನ ಕೆಳಗೆ ನೆರಳಿದ್ದರೂ ಮಧ್ಯಾಹ್ನ ಒಲೆಯೊಳಗಿಟ್ಟ ಹಾಗೆ. ತಾರಸಿಯೇ ಗತಿ ಎನ್ನುವವರು 75 ಶೇಕಡದ ಶೇಡ್ ನೆಟ್ ಕಟ್ಟಿ, ಚೀಲಗಳನ್ನು ಸಿಮೆಂಟಿನ ಮೇಲೆ ನೇರವಾಗಿ ಇಡದೆ ಒದ್ದೆ ತೆಂಗಿನ ಸಿಪ್ಪೆ ಹರಡಿ ಅದರ ಮೇಲಿಡಿ. ಪ್ಲಾಸ್ಟಿಕ್ ಕವರ್ ಮುಚ್ಚುವ ಪದ್ಧತಿ ಒಣ ಹವೆಯ ಊರಿನದ್ದು. ನಮ್ಮ ಗಾಳಿಯಲ್ಲಿ ಮೊದಲೇ ತೇವವಿದೆ, ಮುಚ್ಚಿಟ್ಟರೆ ಮೂರನೇ ದಿನ ಬಿಳಿ ಬೂಷ್ಟು. ಗುಲಾಬಿಯಂಥ ತೆಳು ಎಲೆಯವಕ್ಕೆ ಮೊದಲ ವಾರ ಮುಚ್ಚಿದರೂ, ದಿನಕ್ಕೆರಡು ಸಲ ಹತ್ತು ನಿಮಿಷ ತೆರೆದಿಡಬೇಕು.

ನೀರಿನ ವಿಷಯ ಸ್ವಲ್ಪ ಹೇಳಲೇಬೇಕು. ತುಂಬೆ, ಬಜೆ ಅಣೆಕಟ್ಟುಗಳಿಂದ ಬರುವ ನಲ್ಲಿನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ರಾತ್ರಿ ಬಕೆಟಿನಲ್ಲಿ ತೆರೆದಿಟ್ಟು ಬೆಳಿಗ್ಗೆ ಬಳಸಿ. ಕಡಲ ಬದಿಯ ಬಾವಿಗಳು ಏಪ್ರಿಲ್‌ಗೆ ಉಪ್ಪಾಗುವುದುಂಟು. ನಾಲಗೆಗೆ ಉಪ್ಪೆನಿಸಿದರೆ ತುಂಡುಗಳಿಗೆ ಬೇಡ. ಅಂಥವರಿಗೆ ಎಸಿಯಿಂದ ತೊಟ್ಟಿಕ್ಕುವ ನೀರು ವರ, ಅದರಲ್ಲಿ ಉಪ್ಪೂ ಇಲ್ಲ, ಕ್ಲೋರಿನ್ನೂ ಇಲ್ಲ. ಅಕ್ಕಿ ತೊಳೆದ ನೀರು, ಗಂಜಿ ತಿಳಿ ಬೆಳೆದ ಗಿಡಕ್ಕಿರಲಿ, ತುಂಡಿನ ಚೀಲದಲ್ಲಿ ಅದು ಹುಳಿಯುತ್ತದೆ. ನೆಟ್ಟ ದಿನ ತೂತಿನಿಂದ ಇಳಿಯುವಷ್ಟು ಹಾಕಿ, ಆಮೇಲೆ ಚೀಲ ಎತ್ತಿ ತೂಕ ನೋಡಿ. ಹಗುರ ಎನಿಸಿದಾಗ ಮಾತ್ರ ಬುಡಕ್ಕೆ ನೀರು. ಎಲೆಗೆ ಮಾತ್ರ ದಿನಕ್ಕೆ ಮೂರು ಸಲ ಸಣ್ಣಗೆ ಸಿಂಪಡಿಸಿ. ಪೈಪಿನಲ್ಲಿ ನಿಂತ ಮಧ್ಯಾಹ್ನದ ನೀರು ಚಹಾಕ್ಕೆ ಕಾಯಿಸಿದ ಹಾಗಿರುತ್ತದೆ, ಮೊದಲ ಒಂದು ನಿಮಿಷದ್ದನ್ನು ಬೇರೆ ಕಡೆ ಬಿಡಿ.

ಬಾಟಲಿಯ ನೀರಿನಲ್ಲಿ ಕಡ್ಡಿ ಇಟ್ಟು ಬೇರು ಬರಿಸುವವರು ಮೂರು ದಿನಕ್ಕೊಮ್ಮೆ ನೀರು ಬದಲಿಸಬೇಕು. ಡೆಂಗೆಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ, ವಾರ ಹತ್ತು ದಿನದಲ್ಲಿ ಮರಿ ಹಾರಿಹೋಗುತ್ತದೆ. ನೀರಿನಲ್ಲಿ ಬಂದ ಬೇರು ಪೆಳಸು (ಬೇಗ ಮುರಿಯುವಂಥದ್ದು) ಬೇರೆ. ಎರಡು ಸೆಂ.ಮೀ. ಆದ ಕೂಡಲೇ ಮಣ್ಣಿಗೆ ಹೋಗಬೇಕು, ಗೊಂಚಲಾಗುವವರೆಗೆ ಕಾದರೆ ನೆಡುವಾಗ ಮುರಿಯುತ್ತದೆ.

ಈಗ ಕಾಯುವ ದಿನಗಳು. ಎರಡನೇ ವಾರದಲ್ಲಿ ಚಿಗುರು ಕಾಣಿಸಿದರೆ ಸಂತೋಷಪಡುವುದು ಬೇಡ. ಅದು ಕಡ್ಡಿಯೊಳಗೆ ಕೂಡಿಟ್ಟ ಅನ್ನದಿಂದ ಬಂದ ಚಿಗುರು, ಬೇರಿನದ್ದಲ್ಲ. ಆ ಖುಷಿಯಲ್ಲಿ ಬಿಸಿಲಿಗಿಟ್ಟು, ಹಿಂಡಿಯ ನೀರು ಹಾಕಿದರೆ ನಾಲ್ಕೇ ದಿನದಲ್ಲಿ ಚಿಗುರು ತಲೆ ಬಾಗಿಸುತ್ತದೆ. ಎಲೆ ಉದುರಿದರೆ ಹೆದರಬೇಕಾಗಿಲ್ಲ. ಎಲೆ ಉದುರಿಸುವುದು ಜೀವ ಇರುವ ಗೆಲ್ಲು ಮಾಡುವ ಕೆಲಸ. ಎಲೆ ಅಲ್ಲೇ ಒಣಗಿ, ಮುಟ್ಟಿದರೂ ಬೀಳದೆ ಅಂಟಿಕೊಂಡಿದ್ದರೆ ಆಗ ಕಡ್ಡಿ ಸತ್ತಿದೆ ಎಂದು ತಿಳಿಯಿರಿ. ಸಂಶಯವಿದ್ದರೆ ಉಗುರಿನಿಂದ ತೊಗಟೆ ಚೂರು ಕೆರೆಯಿರಿ, ಒಳಗೆ ಹಸಿರಿದ್ದರೆ ಕಾಯಿರಿ. ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ನೀರು ಹೆಚ್ಚಾಗಿದೆ. ಮಿಶ್ರಣ ಸಮೇತ ಎಸೆಯಿರಿ, ಅದೇ ಮಿಶ್ರಣದಲ್ಲಿ ಇನ್ನೊಂದನ್ನು ನೆಡಬೇಡಿ. ಬುಡ ಸುಕ್ಕುಗಟ್ಟಿ ಕಂದಾಗಿದ್ದರೆ ನೀರು ಸಾಲದು, ಇಲ್ಲವೇ ಒಳಗೆ ಗಾಳಿ ಉಳಿದಿದೆ. ನಾಲ್ಕನೇ ವಾರ ಎರಡು ಬೆರಳಿನಲ್ಲಿ ಮೆಲ್ಲನೆ ಎಳೆದು ನೋಡಿ. ಮಣ್ಣು ಹಿಡಿದುಕೊಂಡ ಹಾಗೆ ತಡೆದರೆ ಬೇರು ಬಂದಿದೆ. ದಿನಾ ಎಳೆದು ನೋಡುವವರಿಗೆ ಮಾತ್ರ ಬೇರು ಬರುವುದೇ ಇಲ್ಲ.

ಉಳಿದ ಗಿಡಗಳಲ್ಲಿ ಕೆಲವಕ್ಕೆ ಬೇರೆ ಲೆಕ್ಕ. ಶಂಕರಪುರದ ಮಲ್ಲಿಗೆಗೆ, ಅಂದರೆ ನಮ್ಮ ಉಡುಪಿ ಮಲ್ಲಿಗೆಗೆ, ಕಡ್ಡಿಗಿಂತ ನೆಲಕ್ಕೆ ಬಾಗಿಸುವ ಕ್ರಮವೇ ಬೇಸಿಗೆಯಲ್ಲಿ ಭದ್ರ. ಕೆಳಗಿನ ಉದ್ದದ ಗೆಲ್ಲು ಬಗ್ಗಿಸಿ, ಒಂದು ಗಂಟಿನ ಕೆಳಗೆ ತೊಗಟೆ ಚೂರು ಕೆರೆದು, ಎರಡು ಇಂಚು ಮಣ್ಣು ಮುಚ್ಚಿ ಮೇಲೊಂದು ಹೆಂಚಿನ ತುಂಡು ಇಡಿ. ತಾಯಿಯಿಂದ ನೀರು, ಊಟ ಬರುತ್ತಲೇ ಇರುವುದರಿಂದ ಸೋಲುವುದು ಕಡಿಮೆ. ಆರೆಂಟು ವಾರದ ಮೇಲೆ ಕಡಿದು ಬೇರೆ ಮಾಡಿ. ಕಾಳುಮೆಣಸಿನ ಹಬ್ಬು ಬಳ್ಳಿಯನ್ನು ಫೆಬ್ರವರಿ, ಮಾರ್ಚಿನಲ್ಲೇ ಕಡಿದು ಎರಡು ಮೂರು ಗಂಟಿನ ತುಂಡು ಮಾಡಿ ಚೀಲಕ್ಕೆ ಹಾಕಬೇಕಿತ್ತು, ಬಿಸುವಿಗೆ ತಡವಾಯಿತು. ಸೊರಗು ರೋಗ ಬಂದ ತೋಟದ ಬಳ್ಳಿ ಪುಕ್ಕಟೆ ಕೊಟ್ಟರೂ ಬೇಡ. ಚಟ್ಟಿಯಲ್ಲಿ ಪೊದೆ ಮೆಣಸು ಬೇಕಾದವರು ಕಾಯಿ ಬಿಡುವ ಅಡ್ಡ ಗೆಲ್ಲಿನಿಂದ ತುಂಡು ತೆಗೆಯಬೇಕು. ಹಬ್ಬು ಬಳ್ಳಿಯಿಂದ ತೆಗೆದದ್ದು ಮರ ಹುಡುಕುತ್ತ ಹೋಗುತ್ತದೆ.

ಬಸಳೆಗೆ ಇಷ್ಟೆಲ್ಲ ಉಪಚಾರ ಬೇಡ. ಗಸಿಗೆ ಎಲೆ ಬಿಡಿಸಿದ ಮೇಲೆ ಉಳಿಯುವ ದಪ್ಪ ದಂಟಿನ ಮೂರು ಗಂಟು ಊರಿದರೆ ವಾರದಲ್ಲಿ ಬೇರು. ಎಲೆಯಲ್ಲಿ ಕೆಂಪಂಚಿನ ಚುಕ್ಕಿಯಿರುವ ದಂಟು ಮಾತ್ರ ನೆಡಬೇಡಿ, ಚುಕ್ಕಿ ರೋಗ ಚಪ್ಪರಕ್ಕೆಲ್ಲ ಹಬ್ಬುತ್ತದೆ. ಸಾಂಬ್ರಾಣಿ ಸೊಪ್ಪು, ಪುದೀನವೂ ಹೀಗೆಯೇ ಸಲೀಸು. ದೇವಕಣಗಿಲೆಯ ಗೆಲ್ಲನ್ನು ಕಡಿದ ದಿನವೇ ನೆಟ್ಟರೆ ಕೊಳೆಯುತ್ತದೆ. ಹಾಲು ಒಣಗಿ ಗಾಯ ಮುಚ್ಚುವವರೆಗೆ ಒಂದು ವಾರ ನೆರಳಿನಲ್ಲಿ ಮಲಗಿಸಿಡಿ. ಬೋಗನ್‌ವಿಲ್ಲಾಕ್ಕೆ ಬಲಿತ ದಪ್ಪ ಗೆಲ್ಲು, ಆರೆಂಟು ವಾರ ಕಾಯುವ ತಾಳ್ಮೆ. ಅದರ ಬೇರು ಬಲು ಪೆಳಸು, ಚೀಲ ಹರಿಯುವಾಗ ಮಣ್ಣಿನ ಹೆಂಟೆ ಒಡೆಯಬಾರದು. ಕರಿಬೇವಿನ ತುಂಡಿನ ಹಿಂದೆ ಬೀಳುವುದು ದಂಡ. ಬುಡದ ಸುತ್ತ ಬೇರಿನಿಂದ ಏಳುವ ಮರಿಗಳನ್ನು ಮೊದಲ ಮಳೆಗೆ ಬೇರುಸಮೇತ ಅಗೆದು ತೆಗೆದರೆ ಸಾಕು.

ತೂತಿನಿಂದ ಬಿಳಿ ಬೇರು ಇಣುಕಿದ ಮೇಲೆ ದೊಡ್ಡ ಚಟ್ಟಿ. ಕೆಂಪು ಮಣ್ಣು, ಹೊಯ್ಗೆ, ಹಳೆಯ ಹಟ್ಟಿಗೊಬ್ಬರ ಸಮಸಮ, ತಳಕ್ಕೆ ಹೆಂಚಿನ ಚೂರು. ಸಂಜೆ ನೆಟ್ಟು, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿಲು ರೂಢಿ ಮಾಡಿಸಿ. ದಾಸವಾಳದ ಚಿಗುರಿಗೆ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಮುತ್ತಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎಣ್ಣೆ ಬೆರೆಯಲು ಕೆಲವು ಹನಿ ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿ. ಇರುವೆ ಸಾಲು ಕಂಡರೆ ಮೊದಲು ಅದನ್ನು ತಡೆಯಿರಿ, ತಿಗಣೆಯನ್ನು ಸಾಕುವುದೇ ಇರುವೆ. ಪತ್ತನಾಜೆ ಕಳೆದು ಮೋಡ ಕಟ್ಟುತ್ತಿದ್ದ ಹಾಗೆ ಚಟ್ಟಿಗಳನ್ನು ಮಾಡಿನ ಅಂಚಿನಿಂದ ಎರಡು ಅಡಿ ಆಚೆ ಸರಿಸಿ. ಹೆಂಚಿನಿಂದ ಧಾರೆ ಬೀಳುವ ಜಾಗದಲ್ಲಿಟ್ಟರೆ ಒಂದೇ ರಾತ್ರಿಯಲ್ಲಿ ಮಣ್ಣು ಕೊಚ್ಚಿಹೋಗಿ, ನಲವತ್ತು ದಿನ ಕಾದ ಬೇರು ಬೆಳಿಗ್ಗೆ ಮೇಲೆ ಕಾಣುತ್ತಿರುತ್ತದೆ.