ಅದು ಕೊಳೆಯಲ್ಲ ತಮ್ಮಾ

ಕಳೆದ ತಿಂಗಳು ಕಾಲೇಜಿನವರೊಬ್ಬರು ಹಳೇ ಕ್ರೇನಿನ ಡಿಸಿ ಮೋಟಾರು ಒಂದನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ನಮ್ಮ ರೀವೈಂಡಿಂಗ್ ಅಂಗಡಿಗೆ ತಂದರು. "ಒಳಗಿನ ತಾಮ್ರ ಎಲ್ಲ ಥಳಥಳ ಹೊಳೆಯೋ ಹಾಗೆ ಮಾಡಿಕೊಡಿ ಅಣ್ಣಾ, ಲ್ಯಾಬಿನಲ್ಲಿ ಪ್ರದರ್ಶನಕ್ಕೆ ಇಡ್ತೀವಿ" ಅಂದರು. ತಾಮ್ರ ಉಜ್ಜಲ್ಲ ಸಾರ್, ಬೇರೆ ಏನು ಬೇಕಾದರೂ ಮಾಡಿಕೊಡ್ತೀನಿ ಅಂದೆ. ಅವರ ಮುಖ ಸಣ್ಣದಾಯಿತು. ಕೂರಿಸಿ, ಚಹಾ ತರಿಸಿ, ಈ ಕಥೆ ಹೇಳಿದೆ.

ಮೂವತ್ತು ವರ್ಷದ ಹಿಂದೆ ನಾನು ಇದೇ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದಾಗ ಹತ್ತಿ ಗಿರಣಿಗಳ ಮೋಟಾರು ಇನ್ನೂ ಬರುತ್ತಿದ್ದವು. ನನಗೆ ಆರ್ಮೇಚರ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ತಂತಿ ಸುತ್ತಲು ಕಲಿಸಿದ ಮೇಸ್ತ್ರಿ ಹರೆಯದಲ್ಲಿ ಬೊಂಬಾಯಿಯ ಟ್ರಾಮ್ ಶೆಡ್ಡಿನಲ್ಲಿ ದುಡಿದವರು. ಅಲ್ಲಿ ಕರೆಂಟಿನ ಟ್ರಾಮ್ ಶುರುವಾಗಿದ್ದು 1907ರಲ್ಲಿ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಗಾಡಿ ಹೋಯಿತು. ಆಮೇಲೆ ಮೇಸ್ತ್ರಿ ಊರಿಗೆ ವಾಪಸ್ ಬಂದರು.

ಒಂದು ದಿನ ಅವರು ಊಟಕ್ಕೆ ಹೋಗಿದ್ದಾಗ ಬೆಂಚಿನ ಮೇಲೆ ಒಂದು ಡಿಸಿ ಮೋಟಾರು ಬಿಚ್ಚಿಟ್ಟಿತ್ತು. ಕಮ್ಯುಟೇಟರ್, ಅಂದರೆ ತಿರುಗುವ ಭಾಗದ ತುದಿಯ ತಾಮ್ರದ ಪಟ್ಟಿಗಳ ಉರುಳೆ, ಅದರ ಮೇಲೆಲ್ಲ ಚಾಕಲೇಟ್ ಬಣ್ಣ. ಕೊಳೆ ಅಂದುಕೊಂಡೆ. ಎಮರಿ ಪೇಪರ್ ತಗೊಂಡು ಚೆನ್ನಾಗಿ ಉಜ್ಜಿದೆ. ಹೊಸ ಕೊಡದ ಹಾಗೆ ಫಳಫಳ ಅಂತು. ಜೋಡಿಸಿ ಓಡಿಸಿದರೆ, ಆ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಕಾರ್ಬನ್ ಬ್ರಷ್ ಕಿರಗುಟ್ಟಿತು, ಸುತ್ತ ನೀಲಿ ಕಿಡಿ ಹಾರಿತು. ಮೇಸ್ತ್ರಿ ಬಂದು ಸ್ವಿಚ್ ಆರಿಸಿದರು. ಬೈಯಲಿಲ್ಲ. "ಅದು ಕೊಳೆಯಲ್ಲ ತಮ್ಮಾ, ಅದರ ಚರ್ಮ" ಅಂದರು.

ಬ್ರಷ್ ತಾಮ್ರದ ಮೇಲೆ ಓಡಿ ಓಡಿ, ತಾಮ್ರದ ಆಕ್ಸೈಡು, ಬ್ರಷ್ಷಿನ ಗ್ರಾಫೈಟು, ಗಾಳಿಯ ತೇವ ಸೇರಿ ಆ ಕಂದು ಪೊರೆ ಕಟ್ಟುತ್ತದೆ. ಅದಿದ್ದರೆ ಬ್ರಷ್ ನುಣ್ಣಗೆ ಜಾರುತ್ತದೆ, ಬೇಗ ಸವೆಯುವುದಿಲ್ಲ. ನಾನು ಅದನ್ನೇ ಕಿತ್ತು ಹಾಕಿದ್ದೆ. ಎಮರಿಯ ಪುಡಿಯಿಂದ ಇನ್ನೊಂದು ತೊಂದರೆ: ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತು ಒಂದರಿಂದ ಇನ್ನೊಂದಕ್ಕೆ ಕರೆಂಟು ಹಾಯಿಸಬಹುದು. ಉಜ್ಜಲೇಬೇಕಾದರೆ ಗ್ಲಾಸ್ ಪೇಪರ್, ಅದೂ ಹಗುರ ಕೈಯಲ್ಲಿ. ಆವತ್ತು ಸಂಜೆಯವರೆಗೂ ಕೂತು ಒಂದೊಂದೇ ಸಂದಿ ಕೆರೆದು ಕುಂಚದಿಂದ ಗುಡಿಸಿದೆ.

ಟ್ರಾಮಿನದೂ ಇದೇ ಜಾತಿಯ ಮೋಟಾರು, ಡಿಸಿ ಸೀರೀಸ್. ನಿಂತಲ್ಲಿಂದ ಭಾರ ಎಳೆಯುವುದರಲ್ಲಿ ಗಟ್ಟಿಗ. ಚಾಲಕ ಹಿಡಿ ತಿರುಗಿಸಿದಾಗ ಎರಡು ಮೋಟಾರು ಮೊದಲು ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಸೇರಿ ವೋಲ್ಟೇಜು ಹಂಚಿಕೊಳ್ಳುತ್ತವೆ, ಗಾಡಿ ಓಟ ಹಿಡಿದ ಮೇಲೆ ಪ್ಯಾರಲಲ್‌ಗೆ ಬಂದು ಒಂದೊಂದೂ ಪೂರ್ತಿ ವೋಲ್ಟೇಜು ಪಡೆಯುತ್ತವೆ. ಕೋಲ್ಕತ್ತಾದಲ್ಲಿ ಎಸ್ಪ್ಲನೇಡಿನಿಂದ ಶ್ಯಾಮಬಜಾರದ ಗಾಡಿ ಹತ್ತಿದಾಗ ನಾನು ಊರು ನೋಡಲೇ ಇಲ್ಲ, ಚಾಲಕನ ಕೈಯನ್ನೇ ನೋಡುತ್ತಾ ಕೂತೆ. ಟಕ್, ಟಕ್ ಅಂತ ಒಂದೊಂದೇ ಮೆಟ್ಟಿಲು. ಕೆಳಗಿನಿಂದ ಬರುವ ಗುಂಯ್ ಸದ್ದು ಕೇಳಿ ಮೇಸ್ತ್ರಿ ನೆನಪಾದರು. ಅದೇ ಎಸ್ಪ್ಲನೇಡಿನಲ್ಲಿ 1938ರ ಟ್ರಾಮ್ ಒಂದನ್ನು 'ಸ್ಮರಣಿಕಾ' ಅಂತ ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಅದೂ ಬೇಕು. ಆದರೆ ನಿಂತ ಗಾಡಿಯಿಂದ ಆ ಸದ್ದು ಕೇಳಿಸುವುದಿಲ್ಲ, ಅಲ್ವಾ?

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಕ್ರಿಚ್ ಅಂತ ಒಂದು ಹಳ್ಳಿ. ಟ್ರಾಮ್ ಪ್ರೀತಿಸುವ ಜನ 1959ರಲ್ಲಿ ಅಲ್ಲಿನ ಹಳೇ ಸುಣ್ಣಕಲ್ಲಿನ ಕ್ವಾರಿಗೆ ಬಂದು, ಊರೂರು ಬಿಸಾಕಿದ ಟ್ರಾಮುಗಳನ್ನು ತಂದು, ಹಳಿಯನ್ನೂ ತಾವೇ ಹಾಕಿದರು. 1963ರಲ್ಲಿ ಕುದುರೆ ಕಟ್ಟಿ ಎಳೆಸಿದರು. ಮರುವರ್ಷ ಕರೆಂಟಿನ ಗಾಡಿ ಓಡಿತು. ಬೊಂಬಾಯಿಯಲ್ಲಿ ನಿಂತ ಅದೇ 1964! ಅಲ್ಲಿಗೆ ಹೋದವರ ಕೈಗೆ ಹಳೇ ಪೆನ್ನಿ ನಾಣ್ಯ ಕೊಡುತ್ತಾರೆ, ಅದನ್ನೇ ಕಂಡಕ್ಟರಿಗೆ ಕೊಟ್ಟು ಹತ್ತಬೇಕು. ಓಡುವ ಗಾಡಿ ಅಂದಮೇಲೆ ಬ್ರಷ್, ಬೇರಿಂಗು ಸವೆಯುತ್ತವೆ, ಬದಲಿಸಲೇಬೇಕು. ಆದರೆ ಹಾಗೆ ಸವೆಸಿದ್ದಕ್ಕೇ ಈ ಕೈಕೆಲಸ ಬಲ್ಲವರು ಇನ್ನೂ ಉಳಿದಿದ್ದಾರೆ. ನನಗೆ ಅವರ ಮೇಲೆ ತುಂಬಾ ಗೌರವ.

ಕಾಲೇಜಿನವರು ಒಪ್ಪಿದರು. ಮೊದಲು ಧೂಳು ಊದಿ, ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರು ಹಾಕಿ ನೋಡಿದೆ. ಇನ್ಸುಲೇಷನ್ ತೇವ ಕುಡಿದಿತ್ತು. ಎರಡು ದಿನ ಬಲ್ಬಿನ ಶಾಖದಲ್ಲಿಟ್ಟು ಒಣಗಿಸಿದೆ, ರೀಡಿಂಗ್ ಏರಿತು. ಬೇರಿಂಗಿನ ಒಣಗಿದ ಗ್ರೀಸು ತೆಗೆದು ಹೊಸದು ತುಂಬಿದೆ. ಹೊರಗಿನ ಕವಚಕ್ಕೆ ಪೇಂಟು ಹೊಡೆದೆ, ಕಮ್ಯುಟೇಟರಿಗೆ ಒಣ ಬಟ್ಟೆ ಅಷ್ಟೇ.

ಇಂಥ ಸೀರೀಸ್ ಮೋಟಾರನ್ನು ಲೋಡ್ ಇಲ್ಲದೆ ಸುಮ್ನೆ ಓಡಿಸಬಾರದು, ವೇಗ ಕೈಮೀರುತ್ತದೆ. ಅದಕ್ಕೆ ಒಂದು ಬ್ರೇಕ್ ಕೂರಿಸಿದ್ದೇನೆ. ವಾರಕ್ಕೊಮ್ಮೆ ಕಡಿಮೆ ವೋಲ್ಟೇಜಿನಲ್ಲಿ ಹದಿನೈದು ನಿಮಿಷ ಓಡಿಸಿ ಅಂತ ಬರೆದುಕೊಟ್ಟೆ. ಬ್ರಷ್ ಕಿಟಕಿಗೆ ತಗಡಿನ ಬದಲು ಅಕ್ರಿಲಿಕ್ ಮುಚ್ಚಳ ಹಾಕಿದ್ದೇನೆ. ಹುಡುಗರು ಟಾರ್ಚ್ ಬಿಟ್ಟು ಆ ಚಾಕಲೇಟ್ ಬಣ್ಣ ನೋಡಬಹುದು.