ಸಣ್ಣ ಊರಿನಲ್ಲಿ ಎಎ ಸಭೆ ಹುಡುಕುವುದು

ತಾಲ್ಲೂಕು ಕೇಂದ್ರಗಳಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ), ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪಿನ ಸಭೆಗೆ ಬೋರ್ಡು ಹುಡುಕಿದರೆ ಸಿಗುವುದು ಕಷ್ಟ. ಹೆಸರು ಗುಟ್ಟಾಗಿಡುವುದೇ ಅದರ ನಿಯಮ. ಎಷ್ಟೋ ಕಡೆ ಚರ್ಚಿನ ಹಾಲ್ ಅಥವಾ ಶಾಲೆಯ ಕೊಠಡಿಯಲ್ಲಿ ಸಂಜೆ ಸೇರುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ, ಇಲ್ಲವೇ 14446ಕ್ಕೆ ಕರೆ ಮಾಡಿ. ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಹೊರಡುವ ಮುನ್ನ ದಿನ, ಸಮಯ, ಭಾಷೆ ಮೂರನ್ನೂ ಫೋನಿನಲ್ಲೇ ಖಚಿತಪಡಿಸಿಕೊಳ್ಳಿ. ಹಳೆಯ ಪಟ್ಟಿ ನಂಬಿ ಬಸ್ ಹತ್ತಿ, ಬೀಗ ಹಾಕಿದ ಬಾಗಿಲು ನೋಡಿ ಬಂದವರು ಮತ್ತೆ ಹೊರಡುವುದೇ ಇಲ್ಲ. ಕೊನೆಯ ಬಸ್ ಎಷ್ಟಕ್ಕೆ ಎಂಬುದನ್ನೂ ನೋಡಿಕೊಳ್ಳಿ.

ಶುಲ್ಕವಿಲ್ಲ. ಮಾತಾಡಲೇಬೇಕೆಂಬ ಒತ್ತಾಯವೂ ಇಲ್ಲ. ಮುಕ್ತ ಸಭೆಗೆ ಮನೆಯವರೂ ಬರಬಹುದು, ಮುಚ್ಚಿದ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಹೆಂಡತಿ, ಮಕ್ಕಳಿಗೆ ಆಲ್-ಅನಾನ್ ಎಂಬ ಗುಂಪು ಬೇರೆಯೇ ಇದೆ.

ಎಎ ಇಲ್ಲದ ಊರಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಚೇರಿಯಲ್ಲಿ ನವಜೀವನ ಸಮಿತಿಯ ಬಗ್ಗೆ ವಿಚಾರಿಸಿ. ಮದ್ಯವರ್ಜನ ಶಿಬಿರ ಮುಗಿಸಿದವರ ಗುಂಪು ಅದು. ಪರಿಚಯದವರು ಕಂಡಾರೆಂಬ ಅಳುಕಿದ್ದರೆ ಪಕ್ಕದ ತಾಲ್ಲೂಕಿನ ಸಭೆಗೆ ಹೋಗಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರು ಸಭೆಯ ಹುಮ್ಮಸ್ಸಿನಲ್ಲಿ ದಿಢೀರನೆ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರನ್ನು ಕಾಣಿ.